ಕತ್ತಿಯ ಹಿಡಿಯ ಮೇಲಿನ ನಂಬರು

ನಾನು ಓದು ಬಿಟ್ಟಿದ್ದು 2001ರಲ್ಲಿ, ಏಳನೇ ಕ್ಲಾಸು ಮುಗಿದ ಬೇಸಿಗೆಯಲ್ಲಿ. ಗಾರೆ ಕೆಲಸ ಮಾಡುತ್ತಿದ್ದ ಅಪ್ಪ ಮಹಡಿಯಿಂದ ಬಿದ್ದು ಸೊಂಟ ಮುರಿದುಕೊಂಡಿದ್ದರು. ಆಗಿನ್ನೂ ನಮ್ಮ ಕೋಣನಕುಂಟೆಯಲ್ಲಿ ಅಲ್ಲಲ್ಲಿ ರಾಗಿ ಹೊಲಗಳಿದ್ದವು. ನನ್ನ ಜೊತೆಯ ಹುಡುಗರು ಸಂಜೆ ಲಗೋರಿ ಆಡುವಾಗ ನಾನು ಕನಕಪುರ ರಸ್ತೆಯ ಪಾಲಿಷ್ ಅಂಗಡಿಯಲ್ಲಿ ಇರುತ್ತಿದ್ದೆ. ಮೋಟಾರಿಗೆ ಬಟ್ಟೆಯ ಚಕ್ರ ಕಟ್ಟಿ, ಅದಕ್ಕೆ ಮೇಣದಂಥ ಸೋಪು ಹಚ್ಚಿ, ಚಿಲಕ, ಕಂಬಿ, ದೇವರ ದೀಪ ಏನು ಬಂದರೂ ಕನ್ನಡಿ ಮಾಡುವುದು ನಮ್ಮ ಕೆಲಸ. ಆ ಸೋಪು ಕಾದ ವಾಸನೆ ಅನ್ನ ಕಲಸುವ ಕೈಯಲ್ಲೂ ಇರುತ್ತಿತ್ತು. ನಾಲ್ಕೇ ತಿಂಗಳಿಗೆ ನನ್ನ ಕೈ ಕುದುರಿತು. ನನಗಿಂತ ದೊಡ್ಡವರೂ ‘ನೀನೇ ಹೊಡಿ ಮಗಾ’ ಅಂತ ಒಳ್ಳೆಯ ಮಾಲನ್ನು ನನಗೇ ಕೊಡುತ್ತಿದ್ದರು.

ನಮ್ಮ ಮನೆಯಲ್ಲಿ ಒಂದು ಕತ್ತಿ ಇತ್ತು. ತಾತನ ಅಪ್ಪ ಕುದುರೆ ಪಡೆಯಲ್ಲಿ ಸವಾರರಾಗಿದ್ದರಂತೆ, ಅದು ಅವರದು. ವಿಜಯದಶಮಿಯ ದಿನ ಬನ್ನಿ ಮರದ ಮುಂದೆ ನೆಟ್ಟ ಬಾಳೆಗಿಡವನ್ನು ಊರಿನ ಪರವಾಗಿ ಕಡಿಯುವುದು ಅದೇ ಕತ್ತಿ, ತಾತನದೇ ಕೈ. ಅಜ್ಜಿ ವರ್ಷಕ್ಕೊಮ್ಮೆ ಅಲಗನ್ನು ಮಾತ್ರ ಹುಣಸೆಹಣ್ಣಿನಲ್ಲಿ ತಿಕ್ಕುತ್ತಿದ್ದಳು. ಹಿಡಿಯನ್ನು ಮುಟ್ಟುತ್ತಿರಲಿಲ್ಲ. ಅಲ್ಲಿಟ್ಟ ಕುಂಕುಮ ಒರೆಸಬಾರದು ಅನ್ನುವುದು ಮನೆಯ ಪದ್ಧತಿ. ವರ್ಷ ವರ್ಷದ ಕುಂಕುಮ ಎಣ್ಣೆ ಕುಡಿದು ಕಪ್ಪಗೆ ಗಟ್ಟಿಯಾಗಿತ್ತು.

ಆ ವರ್ಷ ಮಹಾಲಯ ಅಮಾವಾಸ್ಯೆಗೆ ಮೊದಲು ನಾನು ಯಾರಿಗೂ ಹೇಳದೆ ಕತ್ತಿಯನ್ನು ಅಂಗಡಿಗೆ ಒಯ್ದೆ. ಅಲಗು ಮುಗಿಸಿದೆ. ಹಿಡಿಯಲ್ಲಿ ಬೆರಳು ಕಾಯುವ ಉಕ್ಕಿನ ಪಟ್ಟಿಯ ಹೊರಮೈಯ ಕುಂಕುಮವನ್ನೂ ಕೆರೆದು ತೆಗೆದೆ. ಕೆಳಗೆ ಸಣ್ಣ ಸಣ್ಣ ಕುಳಿಗಳಿದ್ದವು. ತುಕ್ಕು ತಿಂದಿದೆ ಅಂದುಕೊಂಡು ಅಲ್ಲೇ ಜಾಸ್ತಿ ಒತ್ತಿದೆ. ಕುಳಿ ಹೋಗಿ ನುಣುಪಾಯಿತು.

ಅಜ್ಜಿ ಕುಂಕುಮ ಹೋಗಿದ್ದಕ್ಕೆ ಬೈದಳು. ತಾತ ಮಾತ್ರ ಕತ್ತಿ ಹಿಡಿದು, “ಲೇ, ನನ್ ಮೀಸೆ ಕಾಣ್ತೈತಲ್ಲೋ!” ಅಂತ ನಕ್ಕರು.

ಅಮಾವಾಸ್ಯೆಯ ದಿನ ಹಿರಿಯರಿಗೆ ಎಡೆ ಇಟ್ಟು, ಪಕ್ಕದಲ್ಲಿ ಕತ್ತಿ ಇಟ್ಟಿದ್ದೆವು. ಊಟಕ್ಕೆ ಕೂತಾಗ ತಾತನ ದಾಯಾದಿ ಮುನಿಯಪ್ಪನವರು ಮೂಳೆ ಚೀಪುತ್ತಾ ಶುರು ಮಾಡಿದರು. “ಅಣ್ಣಯ್ಯ, ದೊಡ್ಡಪ್ಪ ಕುದುರೆ ಹತ್ತಿದ್ದು ಕಂಡೋರು ಯಾರೂ ಇಲ್ಲ. ಕುದುರೆಗೆ ಹುಲ್ಲು ಹಾಕ್ತಿದ್ರು ಅಂತ ನಮ್ಮಪ್ಪ ಹೇಳ್ತಿದ್ದ. ಕತ್ತಿ ಗುಜರಿಯಲ್ಲೂ ಸಿಗ್ತದೆ.”

“ಬಾಯಿ ಮುಚ್ಕೊಂಡು ಉಣ್ಣು.”

“ಉಣ್ತೀನಿ. ಆದ್ರೆ ಈ ಸಲ ಬಾಳೆ ಕಡಿಯೋದು ನಮ್ಮನೆಯೋರು. ಇಲ್ಲಾ, ರುಜುವಾತು ತಾ.”

ತಾತ ಎದ್ದು ಕೈ ತೊಳೆದರು. “ತರ್ತೀನಿ. ತರಕ್ಕಾಗ್ಲಿಲ್ಲ ಅಂದ್ರೆ ಬನ್ನಿ ಮರದ ಹತ್ರ ಕತ್ತಿ ಎತ್ತಲ್ಲ.”

ಜೆ.ಪಿ. ನಗರದಲ್ಲಿ ಒಬ್ಬ ರಿಟೈರ್ಡ್ ಮೇಜರ್ ಇದ್ದರು. ಅವರ ಮನೆಯ ಮೆಟ್ಟಿಲ ಕಂಬಿಗೆ ಪಾಲಿಷ್ ಹೊಡೆದವನು ನಾನೇ. ಗೋಡೆಯ ತುಂಬ ಹಳೇ ಕತ್ತಿಗಳಿದ್ದದ್ದು ನೆನಪಾಗಿ, ಮಾರನೇ ದಿನ ಓಡಿಹೋಗಿ ಕೇಳಿದೆ.

“ತಗೊಂಡ್ಬಾರಪ್ಪ, ಭಾನುವಾರ ನೋಡೋಣ. ಕುದುರೆ ಪಡೆ ಕತ್ತಿ ಆದ್ರೆ ಸುಲಭ. ಹಿಡಿ ಪಟ್ಟಿಯ ಹೊರಗಡೆ ನಂಬರ್ ಹೊಡೆದಿರ್ತಾರೆ, ಸಣ್ಣ ಸಣ್ಣ ಕುಳಿ ಥರ ಕಾಣ್ಸುತ್ತೆ.”

ಭಾನುವಾರಕ್ಕೆ ಇನ್ನೂ ನಾಲ್ಕು ದಿನ ಇತ್ತು. ಮೇಜರ್ ಭಾನುವಾರ ಬರಲು ಹೇಳಿದ್ದಾರೆ ಅಂತ ಮಾತ್ರ ತಾತನಿಗೆ ಹೇಳಿದೆ. ಯಾರೂ ಇಲ್ಲದಾಗ ಕತ್ತಿ ತೆಗೆದು ಪಟ್ಟಿಯ ಮೇಲೆ ಉಗುರು ಆಡಿಸುತ್ತಿದ್ದೆ. ಎಲ್ಲೂ ತಡೆಯುತ್ತಿರಲಿಲ್ಲ. ನಾನು ಮಾಡಿದ ಕೆಲಸ ಅಷ್ಟು ಚೆನ್ನಾಗಿತ್ತು. ಕುಳಿ ಅಳಿಸಿದ್ದನ್ನೂ ಹೇಳಿಬಿಡಬೇಕು ಅಂತ ಹತ್ತಿರ ಹೋದರೆ ತಾತ, “ನಮ್ಮಪ್ಪನ ನಂಬರ್ ಇನ್ನೂರ ಹದಿನಾರು ಕಣೋ. ಸಾಯೋವರ್ಗೂ ಹೇಳ್ತಿದ್ರು” ಅನ್ನುತ್ತಿದ್ದರು. ನಾನು ಅಂಗಡಿಗೆ ಹೊತ್ತಾಯಿತು ಅಂತ ಚಪ್ಪಲಿ ಮೆಟ್ಟಿ ಹೊರಡುತ್ತಿದ್ದೆ.

ಭಾನುವಾರ ಕತ್ತಿಯನ್ನು ಹಳೇ ಪಂಚೆಯಲ್ಲಿ ಸುತ್ತಿಕೊಂಡು ಹೊರಟೆವು. ಬಸ್ಸಿನಲ್ಲಿ ಪೊಲೀಸರು ಹಿಡಿದರೆ ಅಂತ ನಡೆದೇ ಹೋದೆವು. ಮೇಜರ್ ಕನ್ನಡಕ ಏರಿಸಿ ಅಲಗಿನ ಬೆನ್ನು ನೋಡಿದರು, ಬುಡ ನೋಡಿದರು. ಪಟ್ಟಿಯ ಒಳಮೈಯಲ್ಲಿ ಉಳಿದಿದ್ದ ಕುಂಕುಮವನ್ನು ಕಡ್ಡಿಯಿಂದ ಬಿಡಿಸಿದಾಗ ಒಂದು ಪುಟ್ಟ ಬಾಣದ ಗುರುತು ಕಂಡಿತು.

“ಇದು ಸರ್ಕಾರಿ ಮುದ್ರೆ ಯಜಮಾನ್ರೇ. ಸವಾರರಿಗೆ ಕೊಡ್ತಿದ್ದ ಕತ್ತೀನೇ, ಗ್ಯಾರಂಟಿ.”

“ಇನ್ನೂರ ಹದಿನಾರು ಐತಾ ನೋಡಿ ಸಾರ್.”

ಮೇಜರ್ ಪಟ್ಟಿಯನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದರು. ಮತ್ತೆ ಮತ್ತೆ ತಿರುಗಿಸಿದರು. “ಇಲ್ಲಿ ಇರ್ಬೇಕಿತ್ತು. ಯಾರು ಪಾಲಿಷ್ ಹೊಡೆದಿದ್ದು ಇದಕ್ಕೆ?”

“ನಮ್ ಮೊಮ್ಮಗ ಸಾರ್! ಒಳ್ಳೇ ಕೈ ಅವನ್ದು.”

ಮೇಜರ್ ನನ್ನನ್ನು ನೋಡಿದರು. ನಾನು ನೆಲ ನೋಡಿದೆ. ತಾತನೂ ನನ್ನ ಕಡೆ ತಿರುಗಿದರು. ಅವರಿಗೆ ಅರ್ಥವಾಯಿತು. ಕತ್ತಿಯನ್ನು ಮೆಲ್ಲಗೆ ಪಂಚೆಯಲ್ಲಿ ಸುತ್ತಿ, “ಬರ್ತೀವಿ ಸಾರ್” ಅಂದರು.

ಅರ್ಧ ದಾರಿಯವರೆಗೂ ತಾತ ಕತ್ತಿಯನ್ನು ಕಂಕುಳಲ್ಲಿ ಇಟ್ಟುಕೊಂಡು ನನ್ನ ಮುಂದೆ ಮುಂದೆ ನಡೆದರು. ಹೊಡೆದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಕೊನೆಗೆ ಒಂದು ಹುಣಸೆ ಮರದ ಕೆಳಗೆ ನಿಂತು ಕೇಳಿದರು: “ನಂಬರ್ ಅಂತ ಗೊತ್ತಿತ್ತಾ?”

“ಇಲ್ಲ ತಾತ. ತುಕ್ಕು ಅಂದ್ಕೊಂಡೆ.”

“ಯಾರ ಹತ್ರನೂ ಬಾಯಿ ಬಿಡ್ಬೇಡ. ಕೊಟ್ಟ ಮಾಲು ಕೆಡಿಸ್ದ ಅಂತ ಹೆಸರು ಬಂದ್ರೆ ನಿನಗ್ಯಾರೋ ಕೆಲಸ ಕೊಡ್ತಾರೆ? ಇನ್ನೂ ಮೊನ್ನೆ ಸೇರಿದೀಯ.”

ವಿಜಯದಶಮಿಯ ದಿನ ಊರಿನವರ ಮುಂದೆ ತಾತ ಹೇಳಿದ್ದು ಎರಡೇ ಮಾತು. “ಕತ್ತಿ ಸವಾರಂದು. ನಮ್ಮಪ್ಪಂದು ಅನ್ನೋಕೆ ಗುರುತು ಸಿಗ್ಲಿಲ್ಲ.” ಗುರುತು ಅಳಿಸಿಹೋಯಿತು, ಮೊಮ್ಮಗ ಉಜ್ಜಿಬಿಟ್ಟ ಅಂದಿದ್ದರೆ ಊರು ನಂಬುತ್ತಿತ್ತು. ಮುನಿಯಪ್ಪನವರ ಮಗ ಮಚ್ಚು ಎತ್ತಿ ಬಾಳೆ ಕಡಿದ. ಎರಡು ಏಟು ಬೇಕಾಯಿತು. ತಾತ ಹೆಗಲ ಮೇಲಿನ ಟವೆಲ್ ಸರಿಮಾಡಿಕೊಂಡು ಜನರ ಹಿಂದೆ ನಿಂತಿದ್ದರು. ನಾನು ಅವರ ಪಕ್ಕದಲ್ಲೇ ಇದ್ದೆ. ಆಗಲೂ ಬಾಯಿ ಬಿಡಲಿಲ್ಲ.

ಅದಾದ ಮೇಲೆ ತಾತ ಮೂರು ವರ್ಷ ಬದುಕಿದ್ದರು. ಬನ್ನಿ ಪೂಜೆಗೆ ಹೋಗುವುದನ್ನೇ ಬಿಟ್ಟರು. ನನಗೆ ಕೆಲಸ ಮಾತ್ರ ಒಂದು ದಿನವೂ ತಪ್ಪಲಿಲ್ಲ. ಈಗ ಆ ಬನ್ನಿ ಮರವೂ ಇಲ್ಲ, ಆ ಜಾಗದಲ್ಲಿ ಅಪಾರ್ಟ್‌ಮೆಂಟಿನ ಗೇಟಿದೆ. ಅವತ್ತು ನಡೆದದ್ದನ್ನು ನಾನು ಬಾಯಿ ಬಿಟ್ಟು ಹೇಳುತ್ತಿರುವುದು ಇದೇ ಮೊದಲು.

ಇವತ್ತು ನನ್ನ ಹತ್ತಿರ ಸ್ವಂತದ ಒಂದು ಅಂಗಡಿ ಇದೆ, ಮೂರು ಮೋಟಾರು, ಐದು ಜನ ಕೆಲಸಗಾರರು, ಎರಡು ರೂಮಿನ ಮನೆ, ಓದುತ್ತಿರುವ ಇಬ್ಬರು ಹೆಣ್ಣುಮಕ್ಕಳು, ಕೆಡದ ಹೆಸರು ಒಂದು, ನಂಬರಿಲ್ಲದ ಕತ್ತಿ ಒಂದು.