ಒಂದು ಕಮ್ಮಿ ಹೇಳುವ ಮನೆಯವಳು

ನಾನು ಸೀರೆಗೆ ಕುಚ್ಚು ಕಟ್ಟುವವಳು. ಕನಕಪುರದ ಪೇಟೆಬೀದಿಯ ಹಿಂದಿನ ಸಂದಿಯಲ್ಲಿ ನಮ್ಮ ಮನೆ. ಜಗಲಿಯೇ ನನ್ನ ಅಂಗಡಿ. ಮದುವೆ ಸೀಸನ್ ಬಂತು ಅಂದರೆ ಕತ್ತೆತ್ತೋಕೆ ಪುರುಸೊತ್ತಿಲ್ಲ, ಆಷಾಢ ಬಂತು ಅಂದರೆ ನೊಣ ಓಡಿಸೋ ಕೆಲಸ. ಅಂಥ ಒಂದು ಆಷಾಢದಲ್ಲೇ ಮಗಳು ನನ್ನನ್ನು ಕುಚ್ಚು ಕಟ್ಟುವ ಹೆಂಗಸರ ವಾಟ್ಸಾಪ್ ಗುಂಪಿಗೆ ಸೇರಿಸಿದ್ದು. "ಹೊಸ ಡಿಸೈನ್ ಕಲ್ತ್ಕೊಬೋದು ಕಣವ್ವಾ, ನಾನೂ ಇರ್ತೀನಿ" ಅಂದಳು. ಮದುವೆಗೆ ಮುಂಚೆ ಅವಳೂ ನನ್ನ ಪಕ್ಕ ಕೂತು ಕಟ್ಟುತ್ತಿದ್ದವಳೇ.

ಗುಂಪಿನಲ್ಲಿ ಧಾರವಾಡದವಳಿದ್ದಾಳೆ, ಶಿರಸಿಯವಳಿದ್ದಾಳೆ, ಬಳ್ಳಾರಿಯವಳಿದ್ದಾಳೆ. ಒಬ್ಬರ ಮುಖ ಒಬ್ಬರು ಕಂಡಿಲ್ಲ, ಆದರೆ ಒಬ್ಬಳ ಮಂಡಿನೋವು ಇನ್ನೊಬ್ಬಳಿಗೆ ಗೊತ್ತು. ಕೆಲಸ ಕಮ್ಮಿ ಇದ್ದಾಗ ಅವರೊಂದು ಆಟ ಶುರು ಮಾಡಿದರು. ದಿನಕ್ಕೊಬ್ಬಳ ಸರದಿ. ಮಿಕ್ಕವರು ಅವಳ ಬಗ್ಗೆ ಏನು ಬೇಕಾದರೂ ಕೇಳಬಹುದು, ಅವಳು ಉತ್ತರ ಹೇಳಬೇಕು.

ನನ್ನ ಸರದಿ ಬಂದಾಗ ಮೊದಲು ಬಂದದ್ದು ಸಿಟ್ಟು. ನಮ್ಮ ಕಡೆ ಯಾರೂ ಯಾರನ್ನೂ ಹೀಗೆ ಕೇಳಲ್ಲ. ಎಲ್ಲರಿಗೂ ಎಲ್ಲ ಗೊತ್ತೇ ಇರುತ್ತದಲ್ಲ! ಗೊತ್ತಿದ್ದೂ ಕೇಳಿದರೆ ಅದು ಕೆದಕುವುದು. ಕೆದಕುವವರಿಗೆ ಸರಿಯಾಗಿ ಉತ್ತರ ಕೊಡುವ ಬಾಯಿ ದೇವರು ನನಗೆ ಧಾರಾಳವಾಗೇ ಕೊಟ್ಟವನೆ. ಆದರೆ ಇವರು ಕೆದಕುತ್ತಿರಲಿಲ್ಲ, ಇವರಿಗೆ ನಿಜವಾಗಲೂ ತಿಳಿಯಬೇಕಿತ್ತು. ಬಳ್ಳಾರಿಯವಳು "ಅಕ್ಕಾ, ನಿಮಗೆ ಯಾವ ಬಣ್ಣ ಇಷ್ಟ?" ಅಂತ ಕೇಳಿದಳು ನೋಡಿ, ಸೂಜಿ ಹಿಡಿದುಕೊಂಡು ಹಾಗೇ ಕೂತುಬಿಟ್ಟೆ. ಊರವರ ಸೀರೆಗೆಲ್ಲ ದಾರದ ಬಣ್ಣ ಹೊಂದಿಸಿ ಹೊಂದಿಸಿ ಕಣ್ಣು ಸವೆಸಿದ್ದೇನೆ. ನಿನಗೇನಿಷ್ಟ ಅಂತ ಹೆತ್ತವ್ವನೂ ಕೇಳಿರಲಿಲ್ಲ, ಕಟ್ಟಿಕೊಂಡವನೂ ಕೇಳಿರಲಿಲ್ಲ. ಬಹಳ ಹೊತ್ತು ಯೋಚನೆ ಮಾಡಿ "ಹುಣಸೆ ಚಿಗುರಿನ ಬಣ್ಣ" ಅಂತ ಬರೆದೆ. ಖುಷಿಯಾಯಿತು, ಸುಳ್ಳು ಯಾಕೆ ಹೇಳಲಿ.

ಅಲ್ಲಿಂದ ಹುರುಪು ಹತ್ತಿತು. ವಯಸ್ಸು ಕೇಳಿದರು, ಒಸಿ ಇಳಿಸಿ ಹೇಳಿದೆ. ಇಷ್ಟದ ಅಡುಗೆ ಕೇಳಿದರು, ಬಸ್ಸಾರು ಅಂದೆ. ಬಸ್ಸಾರು ಅಂದರೆ ಸೊಪ್ಪು ಕಾಳು ಬೇಯಿಸಿ ಬಸಿದ ನೀರಲ್ಲಿ ಮಾಡೋ ಸಾರು ಅಂತ ಧಾರವಾಡದವಳಿಗೆ ಬಿಡಿಸಿ ಹೇಳುವಷ್ಟರಲ್ಲಿ ಬೆರಳು ನೊಂದುಹೋದವು. ಅದು ಮುಗೀತು ಅನ್ನುವಾಗ ಅವಳೇ ಇನ್ನೊಂದು ಕೇಳಿದಳು: "ಮಕ್ಕಳು ಎಷ್ಟ್ ಮಂದಿ ಅದಾರ್ರೀ ಅಕ್ಕಾರ?"

"ಒಂದು" ಅಂತ ಬರೆದು ಕಳಿಸಿದೆ.

ನನಗಿರೋದು ಇಬ್ಬರು. ದೊಡ್ಡವಳು ಮಗಳು, ಚಿಕ್ಕವನು ಮಗ. ಮತ್ತೆ ಒಂದು ಅಂತ ಯಾಕೆ ಬರೆದೆ ಅಂದರೆ, ನಾನು ಹುಟ್ಟಿ ಬೆಳೆದ ಮನೆ ಅಂಥದ್ದು. ಕೋಡಿಹಳ್ಳಿ ಕಡೆ ನನ್ನ ತವರು, ಕುರಿ ಸಾಕುವವರು. ದಾರೀಲಿ ಹೋಗೋರು "ಎಷ್ಟವ್ಲಾ ಕುರಿ?" ಅಂದರೆ ನಮ್ಮಪ್ಪ "ಅವೆ, ಒಸಿ" ಅನ್ನೋನು. ಬಿಡದೆ ಕೇಳಿದರೆ ಇರೋದಕ್ಕಿಂತ ಒಂದು ಕಮ್ಮಿ ಹೇಳೋನು. ಪೂರ್ತಿ ಲೆಕ್ಕ ಹೇಳಿದರೆ ಕಣ್ಣು ಬೀಳುತ್ತೆ ಅಂತ. ನಮ್ಮವ್ವ ಮಕ್ಕಳ ಲೆಕ್ಕಾನೂ ಹಾಗೇ ಹೇಳೋಳು. ಹೊರಗಿನವರು ಕೇಳಿದರೆ ಒಂದು ಕಮ್ಮಿ ಅನ್ನೋದು ನನಗೆ ಮೊಲೆಹಾಲಿನ ಜೊತೆ ಬಂದದ್ದು. ಬರೆದವಳು ಒಲೆ ಮೇಲೆ ಹಾಲಿಟ್ಟದ್ದು ನೆನಪಾಗಿ ಎದ್ದು ಒಳಗೆ ಹೋದೆ.

ಮಗಳು ಆ ಗುಂಪಿನಲ್ಲಿ ಇದ್ದಾಳೆ ಅನ್ನೋದು ಆಗ ತಲೆಗೇ ಬರಲಿಲ್ಲ. ಅವಳು ಅಲ್ಲಿ ಮಾತಾಡುವವಳಲ್ಲ, ಸುಮ್ಮನೆ ಓದುವವಳು.

ಅವಳನ್ನು ನಾನು ಹೆತ್ತಿಲ್ಲ. ನನ್ನ ಗಂಡನಿಗೆ ನಾನು ಎರಡನೆಯವಳು. ಮೊದಲನೆಯಾಕೆ ತೀರಿಕೊಂಡಾಗ ಇವಳಿನ್ನೂ ತೊದಲು ಮಾತಿನ ಕೂಸು. ನಾನು ಬಂದ ಮೇಲೆ ಎಷ್ಟೋ ದಿನ ನನ್ನನ್ನು "ಏಯ್" ಅಂತಲೇ ಕರೆಯೋಳು, ಘಾಟಿ! ನಾನೂ ಬಿಡಲಿಲ್ಲ, "ಏನಮ್ಮಿ" ಅನ್ನುತ್ತಿದ್ದೆ. ಒಂದು ದಿನ ಬೀದಿ ನಲ್ಲಿ ಹತ್ತಿರ ಯಾವುದೋ ಹುಡುಗಿಯ ಜುಟ್ಟು ಹಿಡಿದುಕೊಂಡು "ಇರು, ನಮ್ಮವ್ವಂಗೆ ಹೇಳ್ತೀನಿ" ಅಂತ ಕಿರುಚಿದಳು. ನಾನು ಬಾಗಿಲಲ್ಲಿದ್ದೆ. ನನ್ನನ್ನು ಅವ್ವ ಅಂದದ್ದು ಅದೇ ಮೊದಲು. ಓಡಿಹೋಗಿ ಆ ಇನ್ನೊಂದು ಹುಡುಗಿಗೆ ಚೆನ್ನಾಗಿ ಬೈದೆ. ತಪ್ಪು ನಮ್ಮವಳದೇ ಇತ್ತು, ಪಾಪ. ಮಗ ಹುಟ್ಟಿದ್ದು ಅದಾದ ಮೇಲೆ, ಅವನೂ ಅಕ್ಕನ ಸೊಂಟದ ಮೇಲೇ ಬೆಳೆದ.

ಈಗ ಅವಳು ಚನ್ನಪಟ್ಟಣದ ಸೊಸೆ. ಅಳಿಯ ಗೊಂಬೆ ಮಾಡೋ ಕಡೆ ಮರ ಕಡೆಯುತ್ತಾನೆ, ಒಳ್ಳೇ ಹುಡುಗ. ಮೊದಲನೇ ಬಸುರು ನಿಲ್ಲಲಿಲ್ಲ ಅವಳಿಗೆ. ಅವಳು ಅತ್ತದ್ದು ಇನ್ನೂ ನನ್ನ ಕಿವೀಲಿ ಐತೆ. ನಾನು ಆ ಉತ್ತರ ಬರೆದಾಗ ಅವಳಿಗೆ ಮತ್ತೆ ಆರು ತಿಂಗಳು ತುಂಬಿತ್ತು.

ದಿನಾ ಬೆಳಿಗ್ಗೆ ಸಾರಿಗೆ ಒಗ್ಗರಣೆ ಹಾಕುವ ಹೊತ್ತಿಗೆ ಫೋನ್ ಮಾಡೋಳು. ಅವತ್ತಿನ ಮಾರನೇ ದಿನ ಮಾಡಲಿಲ್ಲ, ಅದರ ಮಾರನೇ ದಿನವೂ ಇಲ್ಲ. ನಾನು ಮಾಡಿದರೆ ಎತ್ತಲಿಲ್ಲ. ಗುಂಪು ತೆಗೆದು ನೋಡಿದರೆ ಅವಳು ಗುಂಪೂ ಬಿಟ್ಟು ಹೋಗಿದ್ದಾಳೆ! "ನೋಡು ಕೊಬ್ಬು, ಅತ್ತೆ ಮನೆ ಸೇರಿದ ಮೇಲೆ ಅವ್ವ ಬ್ಯಾಡ ಇವಳಿಗೆ" ಅಂತ ಗಂಡನ ಮೇಲೆ ರೇಗಿದೆ. ಕೊನೆಗೆ ಅಳಿಯನಿಗೆ ಫೋನ್ ಹಚ್ಚಿದೆ. ಅವನು ತೊದಲಿದ, "ಅತ್ತೆ... ನಿಮ್ಗೆ ಒಂದೇ ಮಗು ಅಂತ ಬರ್ದ್ರಂತೆ. ಅವ್ಳು ಸರ್ಯಾಗಿ ಉಣ್ತಾ ಇಲ್ಲ."

ಅಯ್ಯೋ ಶಿವನೇ! ಮಾತಾಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು ಅಂತಾರಲ್ಲ, ಹಂಗಾಯಿತು ನನ್ನ ಬದುಕು. ಕಟ್ಟುತ್ತಿದ್ದ ಸೀರೆ ಹಾಗೇ ಮಡಿಚಿಟ್ಟು ರಾಮನಗರದ ಬಸ್ಸು ಹತ್ತಿದೆ. ಅಲ್ಲಿಂದ ಚನ್ನಪಟ್ಟಣಕ್ಕೆ ಇನ್ನೊಂದು. ಪಕ್ಕ ಕೂತಾಕೆ "ಎಲ್ಲಿಗಕ್ಕಾ?" ಅಂತ ಕೇಳಿದರೆ ಕಿಟಕಿ ಕಡೆ ತಿರುಗಿಕೊಂಡೆ.

ಮಗಳು ಬಾಗಿಲು ತೆಗೆದು "ಬಾ" ಅಂದಳು. ಬರೀ ಬಾ. "ಅವ್ವಾ" ಇಲ್ಲ. ನೀರು ತಂದುಕೊಟ್ಟು ಗೋಡೆಗೊರಗಿ ಕೂತಳು. ಕಣ್ಣ ಕೆಳಗೆ ಕಪ್ಪಾಗಿತ್ತು. ನಾನು ನನ್ನ ತವರಿನ ಕಥೆ, ನಮ್ಮಪ್ಪನ ಕುರಿಗಳ ಕಥೆ ಶುರು ಮಾಡಿದರೆ ಅರ್ಧಕ್ಕೇ ತಡೆದಳು.

"ಗೊತ್ತು. ಚಿಕ್ಕೋಳಾಗಿದ್ದಾಗಿಂದ ಕೇಳಿದೀನಿ. ನಿಮ್ಮನೇರು ಒಂದು ಕಮ್ಮಿ ಹೇಳ್ತೀರಿ. ಆ ಕಮ್ಮಿ ಆದೋರು ಯಾರು ಅಂತ ಹೇಳು."

ನಾನು ನೀರಿನ ಲೋಟ ಕೆಳಗಿಟ್ಟೆ.

"ಊರಲ್ಲಿ ಎಲ್ರಿಗೂ ಗೊತ್ತು ನಾನು ನಿನ್ನ ಮಲಮಗಳು ಅಂತ. ಆ ಗುಂಪಲ್ಲಿ ಯಾರ್ಗೂ ಗೊತ್ತಿರ್ಲಿಲ್ಲ. ಅಲ್ಲಾದ್ರೂ ಹೇಳ್ಬೋದಿತ್ತು ನೀನು" ಅಂದಳು. "ಯಾರನ್ನ ಬುಟ್ಟೆ? ನನ್ನಾ, ಅವನನ್ನಾ?"

ಅವನನ್ನ ಅಂತ ಒಂದು ಸುಳ್ಳು ಹೇಳಿದ್ದರೆ ಅಲ್ಲಿಗೆ ಮುಗಿದುಹೋಗುತ್ತಿತ್ತು. ನಾಲಿಗೆ ತುದಿಗೂ ಬಂದಿತ್ತು. ಆದರೆ ಅವಳ ಮುಖ ನೋಡಿಕೊಂಡು ಆಗಲಿಲ್ಲ ನನ್ನ ಕೈಲಿ.

"ನಿನ್ನೇ ಕಣಮ್ಮಿ" ಅಂದೆ.

ಮುಖ ತಿರುಗಿಸಿಕೊಂಡಳು. ನಾನು ಎದ್ದು ಹೋಗಿ ಪಕ್ಕದಲ್ಲಿ ಕೂತೆ. "ಪೂರ್ತಿ ಕೇಳು, ಆಮೇಲೆ ಬೈಯಿ. ನಮ್ಮಪ್ಪ ಲೆಕ್ಕದಿಂದ ಯಾವ್ದೋ ಒಂದು ಕುರಿ ಬಿಡ್ತಿರ್ಲಿಲ್ಲ. ಯಾವುದು ಹೋದ್ರೆ ತಡ್ಕೊಳಕ್ಕಾಗಲ್ವೋ ಅದನ್ನ ಮನಸಲ್ಲೇ ಹಿಂದಕ್ಕಿಕ್ಕಿ ಮಿಕ್ಕಿದ್ದ ಹೇಳೋನು. ನಿಂದು ಆರು ತಿಂಗ್ಳ ಹೊಟ್ಟೆ. ಹೋದ್ಸಲ ಏನಾಯ್ತು, ಮರೆತೀನಾ ನಾನು? ಗುರುತು ಪರಿಚಯ ಇಲ್ದೋರೆಲ್ಲ ಓದೋ ಕಡೆ ನಿನ್ನ ಹೆಂಗೆ ಬರೀಲಿ? ನನ್ ಕೈ ನಿನ್ನ ಬಚ್ಚಿಟ್ಬುಡ್ತು ಕಣೇ." ಅಷ್ಟು ಹೇಳುವಷ್ಟರಲ್ಲಿ ನನಗೇ ಅಳು ಬಂತು. ಬಾಯಿ ಜೋರಿನವಳು ಅಂತ ಹೆಸರಾದವಳು ನಾನು, ಅಳಿಯನ ಮನೆ ನೆಲದ ಮೇಲೆ ಕೂತು ಸೆರಗಲ್ಲಿ ಮೂಗೊರೆಸಿಕೊಂಡೆ.

ಅವಳು ನನ್ನ ಕಡೆ ತಿರುಗಿದಳು. ಆಮೇಲೆ ನನ್ನ ಭುಜಕ್ಕೆ ತಲೆ ಕೊಟ್ಟು ಅಂದಳು, "ಕಣ್ ಬಿದ್ರೆ ಬೀಳ್ಲಿ ಕಣವ್ವಾ. ನನ್ನ ಲೆಕ್ಕಕ್ಕೆ ಹಿಡ್ಕೊ."

ಫೋನ್ ತೆಗೆದೆ. ಹೆದರಿಕೆ ಏನೂ ಹೋಗಿರಲಿಲ್ಲ, ಇವತ್ತಿಗೂ ಹೋಗಿಲ್ಲ. "ಮೊನ್ನೆ ತಪ್ಪು ಹೇಳಿದ್ದೆ. ನನಗೆ ಇಬ್ಬರು ಮಕ್ಕಳು. ದೊಡ್ಡವಳು ಹೆಣ್ಣು, ಈಗ ಬಸುರಿ" ಅಂತ ಬರೆದು, ದೇವರನ್ನು ನೆನೆದು ಕಳಿಸಿದೆ.

ಮಗಳು ಫೋನ್ ಕಿತ್ತುಕೊಂಡು ಓದಿದಳು. ಮತ್ತೆ ಓದಿದಳು. ವಾಪಸ್ಸು ನನ್ನ ಕೈಗಿಟ್ಟು, "ಇನ್ನೊಂದ್ಸಲ ಕಳ್ಸವ್ವಾ" ಅಂದಳು.