ಮಗನಿಗೆಂದು ಆರಿಸಿದ ಮೂರು ಬಿಯರ್ ಬಾಟಲಿ

ಮೊಮ್ಮಗಳು ಹುಟ್ಟಿದಳು, ನನಗೆ ಮೊಮ್ಮಗಳು ಹುಟ್ಟಿದಳು! ಗುಂಜಿಯಿಂದ ಸೊಸೆಯ ಅಣ್ಣ ಸೈಕಲ್ ಹೊಡೆದುಕೊಂಡು ಬಂದು, ಖಾನಾಪುರದಲ್ಲಿ ನಾನು ಕೆಲಸಕ್ಕಿದ್ದ ಹೆಂಚಿನ ಕಾರ್ಖಾನೆಯ ಗೇಟಿನಲ್ಲಿ ನಿಂತು ಈ ಸುದ್ದಿ ಹೇಳಿದಾಗ ನನ್ನ ಎರಡೂ ಕೈ ಮೊಣಕೈತನಕ ಕೆಸರಾಗಿದ್ದವು. ಆ ಕೈಯಿಂದಲೇ ಅವನನ್ನು ತಬ್ಬಿಕೊಂಡೆ. ಅವನ ಬಿಳಿ ಅಂಗಿ ಕೆಂಪಾಯಿತು. ನಾನು ಓದಿದ್ದು ಮೂರನೇ ಇಯತ್ತೆ, ನನ್ನ ಅಕ್ಷರ ಸೊಟ್ಟ. ಆದರೂ ಬರೆಯುತ್ತೇನೆ. ಆ ದಿನದ ಖುಷಿ ಇನ್ನೂ ಎದೆಯಲ್ಲಿ ಹಿಡಿಸುವುದಿಲ್ಲ.

"ಒಂದೂವರಿ ತಿಂಗಳ ಆದಮ್ಯಾಲೆ ನಿಮ್ಮ ಮಗಾ, ನಮ್ಮ ತಂಗಿ ಗೋವಾಕ್ಕ ಹೊಂಟಾರ್ರಿ ಮಾಮಾ," ಎಂದ ಅವನು. "ಹೋಗೂ ಮುಂದ ಕೂಸು ತೋರಸಾಕ ನಿಮ್ಮ ಮನಿಗೆ ಬರತಾರಂತ."

"ಬರತಾರ ಖರೇ, ಉಂಡ ಹೋಗತಾರೇನು?"

ಅವನು ಸೈಕಲ್ಲಿನ ಗಂಟೆಯನ್ನು ಸುಮ್ಮನೆ ಉಜ್ಜುತ್ತ, "ಅದನ್ನ ನಾ ಹೆಂಗ ಹೇಳ್ಲಿ?" ಎಂದ.

ಅವನು ಹೇಗೆ ಹೇಳಿಯಾನು? ನನ್ನ ಮಗ ನನ್ನ ಮನೆಯಲ್ಲಿ ಒಂದು ತುತ್ತು ಉಂಡು ಆಗಲೇ ಐದು ವರ್ಷವಾಗಿತ್ತು.

ಎಪ್ಪತ್ತರ ದಶಕ ಮುಗಿಯುತ್ತ ಬಂದಿದ್ದ ಹೊತ್ತು ಅದು. ಮಗ ಗೋವಾದಲ್ಲಿ ಕಾರ್ಖಾನೆಯೊಂದಕ್ಕೆ ಸೇರಿಕೊಂಡ. ಯಾವ ಕಾರ್ಖಾನೆ ಅಂದರೆ "ದೊಡ್ಡದೈತಿ" ಅನ್ನುತ್ತಿದ್ದ, ಅಷ್ಟೇ. ಅದು ಬಿಯರ್ ಕಾರ್ಖಾನೆ ಎಂದು ಲಾರಿ ಡ್ರೈವರನೊಬ್ಬ ನನಗೆ ಹೇಳಿದ. ಅದೇ ವಾರ ಮಗ ರಜೆಗೆ ಬಂದ. ಮಧ್ಯಾಹ್ನ ಊಟಕ್ಕೆ ಕುಳಿತಾಗ ಅವನ ಅಂಗಿಯಿಂದ ಹುಳಿಹುಳಿ ವಾಸನೆ ಬಡಿಯಿತು. ನಮ್ಮ ಮನೆತನದಲ್ಲಿ ಹೆಂಡ ಮುಟ್ಟಿದವರಿಲ್ಲ. ಅದರ ವಾಸನೆ ಹೇಗಿರುತ್ತದೆಂದು ನನಗೆ ಎಲ್ಲಿಂದ ಗೊತ್ತಿರಬೇಕು? ಆದರೂ ಗೊತ್ತು ಅಂದುಕೊಂಡೆ. "ಕೊರಳಾಗ ಲಿಂಗ ಕಟಗೊಂಡ ಕುಡದ ಬಂದಿ ಏನಲೇ?" ಎಂದು ಅವನ ಮುಂದಿನ ತಾಟನ್ನು ಎಳೆದುಬಿಟ್ಟೆ.

"ಕುಡದಿಲ್ಲಪಾ," ಎಂದ. ನಾನು ತಾಟನ್ನು ತಿರುಗಿ ಇಡಲಿಲ್ಲ. ಅವನು ಅವ್ವನ ಕಡೆ ನೋಡಿದ. ನನ್ನ ಹೆಂಡತಿ ಒಲೆಯ ಹತ್ತಿರ ಸುಮ್ಮನೆ ನಿಂತಿದ್ದಳು. ಮಗ ಎದ್ದ. "ಇನ್ನ ಈ ಮನ್ಯಾಗ ಊಟಕ್ಕ ಕುಂದರಂಗಿಲ್ಲ," ಎಂದು ಚೀಲ ಹೆಗಲಿಗೆ ಹಾಕಿಕೊಂಡು ಸ್ಟೇಷನ್ನಿನ ಹಾದಿ ಹಿಡಿದ.

ಅವನು ಕಣ್ಮರೆಯಾದ ಮೇಲೆ ಹೆಂಡತಿ ಬಾಯಿ ಬಿಟ್ಟಳು. "ಅದು ಕುಡದ ವಾಸನಿ ಅಲ್ರೀ. ಕಾಳು ನೆನಿ ಹಾಕಿ ಮೊಳಕಿ ಕಟ್ಟಿದ್ದು ಹಳಸಿದ್ರ ಹಂಗ ನಾರತೈತಿ. ನಾ ದಿನಾ ಒಲಿ ಮುಂದ ಇರಾಕಿ, ನನಗ ಗೊತ್ತಾಗಂಗಿಲ್ಲೇನು?" ಮರುದಿನ ಮತ್ತೆ ಅದನ್ನೇ ಹೇಳಿದಳು. ತಿಂಗಳುಗಟ್ಟಲೆ ಹೇಳಿದಳು. ಕೊನೆಗೆ ಹೇಳುವುದನ್ನು ನಿಲ್ಲಿಸಿದಳು. ಮಗ ಗುಂಜಿಯ ಮರಾಠಿ ಮನೆತನದ ಹುಡುಗಿಯನ್ನು ಲಗ್ನವಾದ. ನಾನು ಹೋಗಲಿಲ್ಲ, ಹೆಂಡತಿಯನ್ನೂ ಹೋಗಗೊಡಲಿಲ್ಲ. ಅದಾಗಿ ಒಂದು ವರ್ಷಕ್ಕೆ ಹೆಂಡತಿ ಕಾಮಣಿಯಾಗಿ, ಕಣ್ಣು ಮೈ ಹಳದಿಯಾಗಿ ತೀರಿಕೊಂಡಳು. ಮಗ ಮಣ್ಣು ಕೊಡಲು ಬಂದ. ಮಲಪ್ರಭೆಯಲ್ಲಿ ಮಿಂದು, ಮನೆಯ ಒಂದು ಗುಟುಕು ನೀರನ್ನೂ ಕುಡಿಯದೆ ಹೋದ.

ಈಗ ಅವನು ಕೂಸಿನ ಜೊತೆ ಬರುತ್ತಾನೆ. ಈ ಸಲವೂ ಉಣ್ಣದೆ ಹೋದರೆ ಇನ್ನು ಯಾವತ್ತೂ ಉಣ್ಣುವುದಿಲ್ಲ ಎಂದು ನನಗೆ ಅನ್ನಿಸಿತು. ಬಹಳ ದಿನ ವಿಚಾರ ಮಾಡಿ, ನನ್ನ ಬುದ್ಧಿಗೆ ತೋಚಿದ್ದನ್ನು ಮಾಡಿದೆ. ಅವನು ಬರುವ ಹಿಂದಿನ ದಿನ ಬಸ್ಸು ಹತ್ತಿ ಬೆಳಗಾವಿಗೆ ಹೋದೆ, ಬಿಯರ್ ತರಲು.

ಅಲ್ಲಿ ಮಿಲ್ಟ್ರಿಯವರಿರುವ ಕ್ಯಾಂಪಿನ ಒಂದು ಅಂಗಡಿಯ ಮುಂದೆ ಮೂರು ಸಲ ಹಾದುಹೋಗಿ ನಾಲ್ಕನೇ ಸಲ ಒಳಗೆ ಕಾಲಿಟ್ಟೆ.

"ಯಾವ ಬಿಯರ್ ಕೊಡ್ಲಿ ಕಾಕಾ?"

"ಏಸ ಥರಾ ಅದಾವು?"

ಅಂಗಡಿಯವನು ಐದಾರು ಬಾಟಲಿ ಸಾಲಾಗಿ ಇಟ್ಟ. "ಇದು ಕಡಕ್. ಇದು ಹಗುರ. ಇದು ಬೆಂಗಳೂರ ಕಡೆದು, ಇದು ಮುಂಬೈ ಕಡೆದು." ಮೇಲಿನ ಚೀಟಿಯೆಲ್ಲ ಇಂಗ್ಲಿಷು. ನಾನು ಒಂದೊಂದನ್ನೇ ಎತ್ತಿ ಬೆಳಕಿಗೆ ಹಿಡಿದೆ. ಕೈಗೆ ರೂಢಿಯಾದ ಕೆಲಸ ನೋಡಿ, ಗೊತ್ತಿಲ್ಲದೆಯೇ ಬೆರಳ ಗೆಣ್ಣಿನಿಂದ ಬಡಿದು ಕಿವಿಗೊಟ್ಟೆ.

"ಅದೇನ ಹೆಂಚೇನ್ರಿ ಕಾಕಾ, ಬಡದ ನೋಡಾಕ?" ಎಂದು ಅಂಗಡಿಯವನು ನಕ್ಕ. ಬಾಜೂಕೆ ನಿಂತಿದ್ದ, ಮಿಲ್ಟ್ರಿಯಿಂದ ಪೆನ್ಷನ್ ಬಂದವನಂತೆ ಕಾಣುತ್ತಿದ್ದ ಮೀಸೆಯವನು, "ಯಾರಿಗ್ರಿ ಇದು?" ಎಂದ.

"ನನ್ನ ಮಗಗ. ಊರಿಗೆ ಬರಾಕಹತ್ತ್ಯಾನ."

"ಅಬಬಬ! ಮಗಗ ಬಿಯರ್ ಆರಸೂ ಅಪ್ಪನ್ನ ಇವತ್ತ ನೋಡಿದೆ. ನಮ್ಮಪ್ಪ ಚಪ್ಪಲಿ ಆರಸತಿದ್ದ, ನನ್ನ ಹೊಡ್ಯಾಕ!"

"ಇದರ ರುಚಿ ಹೆಂಗಿರತೈತ್ರಿ?"

"ಹಾಗಲಕಾಯಿ ತಿಂತೀರಿಲ್ಲೋ? ಮೊದಲ ಮಾರಿ ಕಿವಚತೀರಿ, ಆಮ್ಯಾಲೆ ಇನ್ನಷ್ಟ ನೀಡ ಅಂತೀರಿ. ಹಂಗ."

ಮಗನಿಗೆ ಹಾಗಲಕಾಯಿ ಸೇರುತ್ತಿತ್ತು. ಆದರೆ ಈಗ ಏನು ಸೇರುತ್ತದೆಂದು ನನಗೆ ಗೊತ್ತಿರಲಿಲ್ಲ. ಹೆತ್ತ ಮಗನ ನಾಲಿಗೆ ಅಪ್ಪನಿಗೆ ಗೊತ್ತಿಲ್ಲ ಅಂದರೆ ಏನು ಹೇಳುವುದು! ಅಲ್ಲೇ ಕಣ್ಣು ತುಂಬಿ ಬಂತು. ಮೀಸೆಯವನು ನಗು ನಿಲ್ಲಿಸಿ ತಾನೇ ಆರಿಸಿಕೊಟ್ಟ: ಕಡಕ್ ಒಂದು, ಹಗುರವಾದದ್ದು ಒಂದು, ಸುಟ್ಟ ಬೆಲ್ಲದ ಬಣ್ಣದ್ದು ಒಂದು. "ಮೂರರಾಗ ಒಂದರ ಸೇರತೈತಿ ಬಿಡ್ರಿ."

ಮೂರನ್ನೂ ಹಳೆಯ ಧೋತರದಲ್ಲಿ ಸುತ್ತಿ ಚೀಲಕ್ಕೆ ಹಾಕಿ ಮೇಲೆ ಮೆಂತ್ಯದ ಸೊಪ್ಪು ಹರವಿದೆ. ಬಸ್ಸಿನಲ್ಲಿ ನಮ್ಮ ಓಣಿಯ ಹೆಣ್ಣುಮಗಳೊಬ್ಬಳು ಪಕ್ಕದಲ್ಲೇ ಬಂದು ಕುಳಿತಳು. ಬಸ್ಸು ಜೋಲಿ ಹೊಡೆದಾಗ ಚೀಲದೊಳಗೆ ಗಾಜಿನ ಸದ್ದಾಯಿತು.

"ಏನ ತಂದೀರಿ ಕಾಕಾ?"

"ಕೂಸಿಗೆ ಗ್ರೈಪ್ ವಾಟರ್."

"ಮೂರ ಬಾಟ್ಲಿ? ಕೂಸು ಭೀಮ ಆಗತೈತಿ ಬಿಡ್ರಿ!"

ಮರುದಿನ ಮಧ್ಯಾಹ್ನ ಅವರು ಬಂದರು. ಇದೇ ಊರಿಗೆ ಕೊಟ್ಟಿದ್ದ ನನ್ನ ಮಗಳು ಬೆಳಿಗ್ಗೆಯೇ ಬಂದು ಗೋದಿ ಹುಗ್ಗಿಗೆ ಇಟ್ಟಿದ್ದಳು. ಸೊಸೆ ಹೊಸ್ತಿಲು ದಾಟಿದವಳೇ, "ಘ್ಯಾ ಮಾಮಂಜಿ," ತಗೋರಿ ಮಾವನವರೆ, ಎಂದು ತನ್ನ ಮರಾಠಿಯಲ್ಲಿ ಹೇಳಿ ಕೂಸನ್ನು ನನ್ನ ಕೈಗೆ ಹಾಕಿದಳು. ಏನು ಹೇಳಲಿ! ಒಣಗಿದ ಹೆಂಚಿನಷ್ಟೂ ಭಾರವಿರಲಿಲ್ಲ. ಕಿವಿಯ ಹತ್ತಿರ ನನ್ನ ಹೆಂಡತಿಗಿದ್ದಂಥದೇ ಸಣ್ಣ ಮಚ್ಚೆ. ನಾನು ನಗುತ್ತಲೇ ಅತ್ತೆ, ಅಳುತ್ತಲೇ ನಕ್ಕೆ.

ಮಗ ಒಳಗೆ ಬರಲಿಲ್ಲ. ಹೊರಗಿನ ಕಟ್ಟೆಯ ಮೇಲೆ ಕುಳಿತು, "ಸಂಜೀ ಗಾಡಿಗೆ ಹೋಗಬೇಕು," ಎಂದ. ಮಗಳು ನೀರು ಒಯ್ದಳು. ಅವನು ಚೊಂಬನ್ನು ಪಕ್ಕಕ್ಕೆ ಸರಿಸಿದ.

ನಾನು ಕೂಸನ್ನು ಸೊಸೆಗೆ ಕೊಟ್ಟು, ನೀರಿನ ಹರವಿಯಲ್ಲಿ ತಣ್ಣಗಾಗಲು ಇಳಿಬಿಟ್ಟಿದ್ದ ಮೂರು ಬಾಟಲಿ ತೆಗೆದು ಟವೆಲಿನಿಂದ ಒರೆಸಿ ಕಟ್ಟೆಯ ಮೇಲೆ ಇಟ್ಟೆ. "ತಗೋಪಾ. ನಿನಗ ಯಾವುದು ಸೇರತೈತೋ ತಿಳೀಲಿಲ್ಲ, ಮೂರ ಥರಾ ತಂದೀನಿ. ಇನ್ನ ನಾ ಏನೂ ಅನ್ನಂಗಿಲ್ಲ. ಇಲ್ಲೇ ಕುಂತ ಕುಡಿ. ಆಮ್ಯಾಲೆ ಒಂದ ತುತ್ತ ಉಂಡ ಹೋಗು."

ಅವನು ಬಾಟಲಿಗಳನ್ನು ನೋಡಿದ, ನನ್ನನ್ನು ನೋಡಿದ.

"ಇನ್ನೂ ಹಂಗ ತಿಳದೀ ಏನಪಾ?"

ಬಾಗಿಲಲ್ಲಿ ನಿಂತಿದ್ದ ಸೊಸೆ, "ಮಾಮಂಜಿ, ಇವ್ರು ಕುಡ್ಯಂಗಿಲ್ಲರಿ. ಲಗ್ನಾ ಆಗಿ ಮೂರ ವರ್ಷಾತು, ಒಂದಿನಾ ನೋಡಿಲ್ಲ. ನಮ್ಮಪ್ಪ, ನಮ್ಮ ಬಾಬಾ, ದಿನಾ ಕುಡಿತಾರ, ಕುಡದವ್ರ ಯಾರು ಅಂತ ನನಗ ತಿಳ್ಯಂಗಿಲ್ಲೇನು?" ಎಂದಳು.

ಮಗ ನೆಲ ನೋಡುತ್ತ ಹೇಳಿದ. ಅಲ್ಲಿ ಅವನದು ಮೊಳಕೆ ಬರಿಸಿದ ಜವೆಗೋದಿ ಬೇಯಿಸುವ ಕೋಣೆಯ ಕೆಲಸ. ರಸ ಬಸಿದ ಮೇಲೆ ಉಳಿದ ಹಿಂಡಿಯನ್ನು ಸಲಿಕೆಯಿಂದ ಎತ್ತಿ ದನಗಳಿಗೆ ಒಯ್ಯುವ ಗಾಡಿಗೆ ತುಂಬಬೇಕು. ಎಷ್ಟು ಒಗೆದರೂ ಅಂಗಿಯಿಂದ ಆ ಹುಳಿ ಹೋಗುತ್ತಿರಲಿಲ್ಲ.

ಅವನ ಪಕ್ಕದಲ್ಲೇ ಕುಳಿತೆ. ಒಳ್ಳೆಯದು ಮಾಡಲು ಹೋಗಿ ಎರಡನೇ ಸಲ ಅದೇ ಮಾತಿನಿಂದ ಅವನಿಗೆ ಹೊಡೆದಿದ್ದೆ.

"ನಿಮ್ಮವ್ವ ಹೇಳಿದ್ಲು," ಎಂದೆ.

"ಏನಂತ?"

"ಅದು ಕುಡದ ವಾಸನಿ ಅಲ್ಲ, ಮೊಳಕಿ ಕಾಳಿಂದು ಅಂತ. ನೀ ಹೊರಬಿದ್ದ ಕೂಡಲೇ ಹೇಳಿದ್ಲು. ದಿನಾ ಹೇಳಿದ್ಲು."

ಅವನು ತಲೆಯೆತ್ತಿದ. "ಅವ್ವ ಸುಮ್ಮನ ನಿಂತಿದ್ಲಲ್ಲ ಅವತ್ತ? ಆಕೀನೂ ನಂಬ್ಯಾಳ ಅಂತ ನಾ..."

"ನಿನ್ನ ಮುಂದ ನನ್ನ ಮಾತ ಮುರೀಲಿಲ್ಲ ಆಕಿ. ನಂಬಿದಾಂವ ನಾ ಒಬ್ಬನ."

"ಮಣ್ಣಿಗೆ ಬಂದಾಗರೆ ಯಾಕ ಹೇಳ್ಲಿಲ್ಲಪಾ?"

"ಹೇಳಿದ್ರ ತಪ್ಪು ನಂದಾಗತಿತ್ತಲ್ಲೋ," ಎಂದೆ. ಅದಕ್ಕಿಂತ ಖರೆಯಾದ ಮಾತು ನನ್ನ ಹತ್ತಿರ ಇರಲಿಲ್ಲ.

ಐದು ವರ್ಷ ಅವನು ತನ್ನ ಅವ್ವನನ್ನು ಹಾಗೆ ತಿಳಿದುಕೊಂಡಿದ್ದ. ಆ ಅಪವಾದ ಹೊತ್ತುಕೊಂಡೇ ಅವಳು ಮಣ್ಣಿಗೆ ಹೋದಳು. ಮಗ ಮೊಣಕಾಲಲ್ಲಿ ಮುಖ ಹುದುಗಿಸಿ ಅತ್ತ. ನಾನು ಬೆನ್ನ ಮೇಲೆ ಕೈ ಇಡಲು ಹೋಗಿ ಹಿಂದಕ್ಕೆ ತೆಗೆದುಕೊಂಡೆ. ಬಿಸಿಲು ಕಟ್ಟೆಯಿಂದ ಇಳಿದು ಅಂಗಳಕ್ಕೆ ಹೋಯಿತು. ಸಂಜೆಯ ರೈಲುಗಾಡಿ ಹೊಳೆಯ ಸೇತುವೆ ದಾಟುವ ಸದ್ದು ಕೇಳಿಸಿತು. ಅವನು ಏಳಲಿಲ್ಲ.

ಆಮೇಲೆ ಮಗಳು ಹೊರಗೆ ಬಂದು, "ಈ ಬಾಟ್ಲಿ ಏನ ಮಾಡ್ಲಿ?" ಎಂದಳು.

"ನಮ್ಮ ಬಾಬಾಗ ಕೊಡ್ರಿ ಅಕ್ಕಾ, ಕುಣಿತಾರ!" ಎಂದಳು ಸೊಸೆ. ಮಗ ಮುಖ ಒರೆಸಿಕೊಳ್ಳುತ್ತ ನಕ್ಕುಬಿಟ್ಟ. ಎದ್ದು ಕೈಕಾಲು ತೊಳೆದುಕೊಂಡು ಒಳಗೆ ಬಂದು, "ಎಲ್ಲೆ ಕುಂದರ್ಲಿ?" ಎಂದು ಕೇಳಿದ.

ದೀಪ ಹಚ್ಚಿದ ಹೊತ್ತಿಗೆ ಎಲ್ಲರೂ ಸುತ್ತ ಕುಳಿತೆವು. ಕೂಸು ನನ್ನ ತೊಡೆಯ ಮೇಲಿತ್ತು, ಒಂದೇ ಕೈಯಲ್ಲಿ ಉಂಡೆ. ಹುಗ್ಗಿ ಎರಡು ಸಲ ಹಾಕಿಸಿಕೊಂಡೆ. ಸೊಸೆ ಬದನೆಕಾಯಿ ಪಲ್ಯದ ಖಾರಕ್ಕೆ ಮೂಗು ಒರೆಸಿಕೊಳ್ಳುತ್ತ ಉಣ್ಣುತ್ತಿದ್ದಳು.

"ಅಕ್ಕಾ, ಇನ್ನೊಂದ ರೊಟ್ಟಿ," ಎಂದ ಮಗ.

"ತಡಿ, ಬಿಸಿದು ಹಂಚಿನ ಮ್ಯಾಲೈತಿ," ಎಂದಳು ಮಗಳು. ರೊಟ್ಟಿ ಉಬ್ಬುವತನಕ ನಾವೆಲ್ಲ ತಾಟಿನ ಮುಂದೆ ಕಾಯುತ್ತ ಕುಳಿತೆವು.