ಒಂದು ಮೊಳ ಅಗೆದು ನೋಡುವ ಮಾಸುಂಬಿ

ಬೆಳಗಿನ ಐದೂವರೆ. ಬಳಗಾನೂರಿಗೆ ಹೋಗುವ ಮೊದಲ ಬಸ್ಸು ಇನ್ನೂ ಆಪಿನಹಾಳ ದಾಟಿಲ್ಲ. ಊರ ಹಿಂದಿನ ಕೆರೆಯಲ್ಲಿ ಮಾಸುಂಬಿ ಆಗಲೇ ಮೊಣಕಾಲುಮಟ ನೀರಿಗಿಳಿದು ಆಪು ಕೊಯ್ಯುತ್ತಿದ್ದಾರೆ. ಚಾಪೆ ಹೆಣೆಯುವ ಈ ಜೊಂಡುಹುಲ್ಲೇ ಊರಿಗೂ ಕೆರೆಗೂ ಹೆಸರು ಕೊಟ್ಟದ್ದು. ಸೀರೆಯನ್ನು ಎತ್ತಿ ಸಿಕ್ಕಿಸಿದ್ದಾರೆ, ತಲೆಗೆ ಗಂಡನ ಹಳೆಯ ಟವೆಲ್ಲು ಸುತ್ತಿದ್ದಾರೆ. ಎಡಗೈಯಲ್ಲಿ ಒಂದು ಹಿಡಿ ಆಪು ಬಾಗಿಸಿ, ನೀರಿನಿಂದ ನಾಲ್ಕು ಬೆರಳು ಮೇಲೆ ಬಿಟ್ಟು ಕುಡುಗೋಲು ಎಳೆಯುತ್ತಾರೆ. ಬೇರಿನ ತಂಟೆಗೆ ಹೋಗುವುದಿಲ್ಲ. ಐವತ್ತು ಮಾರು ಆಚೆ, ತಲೆಯ ಮೇಲೆ ಎರಡು ಕರಿ ಪಟ್ಟೆ ಇರುವ ಹೆಬ್ಬಾತುಗಳ ಹಿಂಡು ತೇಲುತ್ತಿದೆ. ಬೇರೆ ಯಾರಾದರೂ ದಂಡೆಗೆ ಬಂದರೆ ಗದ್ದಲ ಎಬ್ಬಿಸುವ ಈ ಹಕ್ಕಿಗಳು ಮಾಸುಂಬಿಯ ಕುಡುಗೋಲಿನ ಸದ್ದಿಗೆ ಕತ್ತು ಕೂಡ ಎತ್ತುವುದಿಲ್ಲ.

ಏಳು ಗಂಟೆಯ ಹೊತ್ತಿಗೆ ಆರು ಹೊರೆ ದಂಡೆಗೆ ಬಿದ್ದಿರುತ್ತದೆ. ಅದನ್ನು ಒಣಗಿಸಿ ಹೆಣೆಯುವ ಕೆಲಸ ಗಂಡ ಜಿಲಾನಿಸಾಬರದ್ದು. ಇಬ್ಬರೂ ಕೂತರೆ ವಾರಕ್ಕೆ ಒಂಬತ್ತು ಚಾಪೆ. ಪ್ಲಾಸ್ಟಿಕ್ ಚಾಪೆ ಬಂದ ಮೇಲೆ ಸಿಂಧನೂರು ಸಂತೆಯಲ್ಲಿ ಇವಕ್ಕೆ ಗಿರಾಕಿ ಕಡಿಮೆ. ಹಾಗಾಗಿ ನಾಟಿಯ ದಿನಗಳಲ್ಲಿ ಮಾಸುಂಬಿ ಭತ್ತದ ಗದ್ದೆಗೆ ಕೂಲಿಗೂ ಹೋಗುತ್ತಾರೆ. ಇಷ್ಟನ್ನು ಮಾಡುವ ಹೆಂಗಸರು ಕಾಲುವೆ ಸೀಮೆಯಲ್ಲಿ ಸಾವಿರ ಜನ ಇದ್ದಾರು. ಮಾಸುಂಬಿಯ ಇನ್ನೊಂದು ಕೆಲಸ ಮಾತ್ರ ಬೇರೆ ಯಾರೂ ಮಾಡುವಂಥದ್ದಲ್ಲ.

ಚಳಿಗಾಲದ ಹಕ್ಕಿಗಳಿಂದಾಗಿ ಆಪಿನಕೆರೆಗೆ ಸಂರಕ್ಷಿತ ಜೌಗುಪ್ರದೇಶ ಎಂಬ ಬಿರುದು ಬಂದು ಹತ್ತು ವರ್ಷವಾಯಿತು. ಅಂದಿನಿಂದ ಕೆರೆಯ ಸುತ್ತ ಮನೆಯಿರಲಿ, ದನದ ಕೊಟ್ಟಿಗೆಯಿರಲಿ, ಹೂದೋಟವಿರಲಿ, ಏನು ಕಟ್ಟುವುದಿದ್ದರೂ ಅರ್ಜಿ ಗ್ರಾಮ ಪಂಚಾಯಿತಿಗೆ ಬರಬೇಕು. ಪಂಚಾಯಿತಿಯ ಸಮಿತಿ ಜಾಗಕ್ಕೆ ಹೋಗಿ ನೋಡಿ, ಅದು ಕೆರೆಯ ನೆಲವೋ ಅಲ್ಲವೋ ಎಂದು ಅಭಿಪ್ರಾಯ ಬರೆಯಬೇಕು. ಆ ಸಮಿತಿಯಲ್ಲಿ ಮಾಸುಂಬಿ ಎಂಟು ವರ್ಷದಿಂದ ಸದಸ್ಯೆ. ಸಂಬಳವಿಲ್ಲ, ಗಾಡಿಯಿಲ್ಲ. ಕಾಲ್ನಡಿಗೆಯೇ ಗತಿ, ಕೈಯಲ್ಲಿ ಕಳೆ ತೆಗೆಯುವ ಖುರಪಿಯೇ ಸಲಕರಣೆ.

ಸಮಿತಿಗೆ ಅವರು ಬಂದದ್ದೂ ತಮಾಷೆಯೇ. ಇಷ್ಟು ಜನ ಮಹಿಳೆಯರು ಇರಲೇಬೇಕು ಎಂಬ ನಿಯಮವಿತ್ತು, ಊರಿನಲ್ಲಿ ಯಾರೂ ಒಪ್ಪಲಿಲ್ಲ. ಸಾಲಗುಂದದ ತವರಿನಲ್ಲಿ ನಾಲ್ಕನೆಯ ತರಗತಿ ಓದಿದ್ದ, ಸಹಿ ಹಾಕಲು ಬರುತ್ತಿದ್ದ ಮಾಸುಂಬಿಯ ಮನೆಗೇ ಗುಮಾಸ್ತ ಪುಸ್ತಕ ಹಿಡಿದು ಬಂದ. "ಖಾಲಿ ಕುರ್ಚಿ ತುಂಬಸಾಕ ಕರದ್ರು ನನ್ನ. ಮೊದ್ಲ ಸಹಿ ಹಾಕೂದು, ಚಾ ಕುಡಿಯೂದು, ಇಷ್ಟ ಕೆಲಸ ಇತ್ರಿ," ಎಂದು ಅವರೇ ನಗುತ್ತಾರೆ.

ಆದರೆ ಜಾಗ ನೋಡಲು ಹೋದಾಗ ಅವರಿಗೆ ಸುಮ್ಮನಿರಲು ಆಗಲಿಲ್ಲ. ಉಳಿದವರು ನಕಾಶೆ ಬಿಚ್ಚಿ ನೋಡುತ್ತ ನಿಂತರೆ, ಇವರು ಕುಕ್ಕರಗಾಲಲ್ಲಿ ಕೂತು ಖುರಪಿಯಿಂದ ಒಂದು ಮೊಳ ಅಗೆದರು. ಮಣ್ಣಿನಲ್ಲಿ ಬಸವನಹುಳದ ಬಿಳಿ ಚಿಪ್ಪು ಸಿಕ್ಕರೆ ಅಲ್ಲಿ ನೀರು ನಿಂತಿತ್ತು ಎಂದರ್ಥ. ನಕಾಶೆ ಬರೆದವರು ಬೇಸಿಗೆಯಲ್ಲಿ ಬಂದಿರಬಹುದು, ಮಳೆಗಾಲದಲ್ಲಿ ಬಂದಿರಬಹುದು. ಕೆರೆ ಎಲ್ಲಿಯವರೆಗೆ ಹಬ್ಬುತ್ತದೆ ಎಂಬುದನ್ನು ನೆಲವೇ ಹೇಳಬೇಕು. ಅತ್ತೆಯಿಂದ ಕಲಿತ ವಿದ್ಯೆ ಇದು. ಆಪು ಕೊಯ್ಯುವವರಿಗೆ ಕಾಲ ಕೆಳಗಿನ ಮಣ್ಣು ಗೊತ್ತಿರದಿದ್ದರೆ ಹೂತು ಹೋಗುವ ಭಯ, ಹಾಗಾಗಿ ಅತ್ತೆ ಸೊಸೆಗೆ ಮೊದಲು ಕಲಿಸಿದ್ದು ಮಣ್ಣನ್ನು. ಹೆಣಿಗೆ ಆಮೇಲೆ ಬಂತು.

ಈವರೆಗೆ ಅರವತ್ತೊಂದು ಅರ್ಜಿಗಳಿಗೆ ಅವರು ಹೀಗೆ ನೆಲ ಅಗೆದಿದ್ದಾರೆ. ನಲವತ್ತನಾಲ್ಕಕ್ಕೆ ಒಪ್ಪಿಗೆ, ಉಳಿದವಕ್ಕೆ ಇಲ್ಲ. ಒಪ್ಪಿಗೆ ಸಿಕ್ಕವರು ಮರೆಯುತ್ತಾರೆ, ಸಿಗದವರು ಮರೆಯುವುದಿಲ್ಲ. ಆದರೆ ಮಾಸುಂಬಿಗೆ ನಿದ್ದೆ ಕೆಡಿಸುವುದು ತಾವು ಬೇಡ ಅಂದ ಹದಿನೇಳಲ್ಲ, ಹೂಂ ಅಂದ ಒಂದು.

ಅದು ಅವರ ಎರಡನೆಯ ವರ್ಷ. ಕುರಿ ಕಾಯುವ ದ್ಯಾವಪ್ಪನಿಗೆ ಮನೆ ಮಂಜೂರಾಗಿತ್ತು, ಇದ್ದ ತುಂಡು ಜಾಗ ಕೆರೆಯ ಮೂಲೆಯಲ್ಲಿತ್ತು. ಮೇ ತಿಂಗಳು, ಕಾಲುವೆಯ ನೀರು ನಿಂತಿತ್ತು, ನೆಲ ಬಿರುಕು ಬಿಟ್ಟಿತ್ತು. ಮಾಸುಂಬಿ ಅಗೆದರು. ಒಂದು ಚಿಪ್ಪೂ ಸಿಗಲಿಲ್ಲ. ಕಟ್ಟಲಿ ಎಂದರು. ಆಗಸ್ಟಿನಲ್ಲಿ ಕಾಲುವೆ ಬಿಟ್ಟು, ಮೇಲಿನ ಗದ್ದೆಗಳ ಬಸಿನೀರು ಕೆರೆಗೆ ಇಳಿಯಿತು. ಮಳೆಯ ಒಂದು ಹನಿ ಬೀಳದೆಯೇ ದ್ಯಾವಪ್ಪನ ಹೊಸ ಅಡುಗೆಮನೆಯಲ್ಲಿ ನೀರು ಒಲೆಯ ಎತ್ತರಕ್ಕೆ ನಿಂತಿತು.

ತಪ್ಪಿದ್ದು ಎಲ್ಲಿ ಎಂದು ಮಾಸುಂಬಿ ಒಂದು ತಿಂಗಳು ಊರೆಲ್ಲ ವಿಚಾರಿಸಿದರು. ಬೇಸಿಗೆಯಲ್ಲಿ ಕೆರೆ ಒಣಗಿದಾಗ ರೈತರು ಅದರ ಹೂಳನ್ನು ಟ್ರ್ಯಾಕ್ಟರಿಗೆ ತುಂಬಿ ಹೊಲಕ್ಕೆ ಹೊಡೆಯುವುದು ಇಲ್ಲಿ ತಲೆಮಾರಿನಿಂದ ಬಂದ ರೂಢಿ. ದ್ಯಾವಪ್ಪ ಮನೆ ಕಟ್ಟುವುದಕ್ಕೆ ಮೂರು ವರ್ಷ ಮೊದಲು ಸರಿಯಾಗಿ ಅದೇ ಮೂಲೆಯಿಂದ ಮೊಳಗಟ್ಟಲೆ ಹೂಳು ಎತ್ತಿದ್ದರು. ನೀರಿನ ಗುರುತೆಲ್ಲ ಹೂಳಿನ ಜೊತೆ ಹೊಲ ಸೇರಿತ್ತು. ಮಾಸುಂಬಿ ನೋಡಿದ್ದು ಅಡಿಯ ಬರಿ ಮಣ್ಣನ್ನು. ಅವರೇ ಒಂದು ಕಾಲಕ್ಕೆ ಆ ಟ್ರ್ಯಾಕ್ಟರುಗಳಿಗೆ ಬುಟ್ಟಿ ಹೊತ್ತವರು. ಆದರೂ ನೆನಪಾಗಲಿಲ್ಲವಲ್ಲ ಎಂಬುದು ಅವರ ಸಂಕಟ.

ದ್ಯಾವಪ್ಪನ ಜೋಳದ ಚೀಲ, ಕೋಳಿ, ಹಾಸಿಗೆ ಎಲ್ಲವನ್ನೂ ಮಾಸುಂಬಿ ತಲೆಯ ಮೇಲೆ ಹೊತ್ತು ತಮ್ಮ ಮನೆಗೆ ಸಾಗಿಸಿದರು. ಅವನ ಸಂಸಾರ ಒಂದೂವರೆ ತಿಂಗಳು ಅಲ್ಲೇ ಉಂಡಿತು. ಮರುವರ್ಷ ಕಲ್ಲಿಟ್ಟು ನಾಲ್ಕಡಿ ಎತ್ತರಿಸಿದ ಮೇಲೆ ಅವನ ಮನೆಗೆ ನೀರು ನುಗ್ಗಿಲ್ಲ. ದ್ಯಾವಪ್ಪ ಅವತ್ತೂ ಬೈಯಲಿಲ್ಲ, ಇವತ್ತೂ ಬೈಯುವುದಿಲ್ಲ. "ಬೈದ್ರ ನೀರು ಇಳಿತಿತ್ತೇನ್ರಿ? ಆಕಿ ನನ್ನ ಮನಿ ಆಗ್ಲಿ ಅಂತ ಹೂಂ ಅಂದಾಕಿ," ಎನ್ನುತ್ತಾನೆ. ಊರಿನ ಉಳಿದವರು ಅಷ್ಟು ದೊಡ್ಡ ಮನಸ್ಸಿನವರಲ್ಲ. ಮುಂದಿನ ಪ್ರತಿ ಸಭೆಯಲ್ಲೂ ಯಾರಾದರೊಬ್ಬರು ದ್ಯಾವಪ್ಪನ ಅಡುಗೆಮನೆಯನ್ನು ಎತ್ತಿ ಆಡುತ್ತಿದ್ದರು. ಮಾಸುಂಬಿ ಸಮಿತಿ ಬಿಡಲಿಲ್ಲ. ಅಂದಿನಿಂದ ಖುರಪಿ ಊರುವ ಮೊದಲು ಹಳೆಯ ಟ್ರ್ಯಾಕ್ಟರಿನವರ ಮನೆಗಳಿಗೆ ಹೋಗಿ, ಇಲ್ಲಿಂದ ಹೂಳು ಎತ್ತಿದ್ದೀರಾ, ಎಲ್ಲಿಗೆ ಹೊಡೆದಿರಿ ಎಂದು ಕೇಳುತ್ತಾರೆ. ಅಗೆಯುವುದು ಆಮೇಲೆ, ಅದೂ ಒಂದೇ ಗುಂಡಿಯಲ್ಲ, ಮೂರು.

ಈ ಮೂರು ಗುಂಡಿಗಳಿಗೆ ನಿಜವಾದ ಪರೀಕ್ಷೆ ಬಂದದ್ದು ಕಳೆದ ಬೇಸಿಗೆಯಲ್ಲಿ. ಸಿಂಧನೂರಿನ ಬಟ್ಟೆ ವ್ಯಾಪಾರಿ ಅನಿಲಕುಮಾರ ಕೆರೆಯ ಪಕ್ಕ ಮೂರೂವರೆ ಎಕರೆ ಕೊಂಡು ಫಂಕ್ಷನ್ ಹಾಲಿಗೆ ಅರ್ಜಿ ಹಾಕಿದ್ದರು. ದೊಡ್ಡ ಹಾಲು, ಅದರ ಮುಂದೆ ಹುಲ್ಲುಹಾಸು, ಕಾರಂಜಿ, ಸಾಲು ತಾಳೆಗಿಡ. ಇಡೀ ಜಾಗಕ್ಕೆ ಮೂರಡಿ ಮೊರಂ, ಅಂದರೆ ಗರಸು ಮಣ್ಣು, ತುಂಬಿಸಿ ಎತ್ತರಿಸುವ ಯೋಜನೆ. ನಕಾಶೆಯ ಪ್ರಕಾರ ಕೆರೆಯ ಅಂಚು ಕಾಂಪೌಂಡಿನಿಂದ ಇನ್ನೂರು ಅಡಿ ದೂರ. ಊರಿಗೆ ಖುಷಿಯೋ ಖುಷಿ. ಮದುವೆಗೆ ಸಿಂಧನೂರಿಗೋ ಮಸ್ಕಿಗೋ ಓಡುವುದು ತಪ್ಪುತ್ತದೆ, ಮೂವತ್ತು ಜನಕ್ಕೆ ಕೆಲಸ ಸಿಗುತ್ತದೆ.

ನಕಾಶೆ ನಂಬಲಾರೆ, ಅಗೆದು ನೋಡಬೇಕು ಎಂದು ಸಭೆಯಲ್ಲಿ ಹೇಳಿದವರು ಮಾಸುಂಬಿ ಒಬ್ಬರೇ. ಮರುದಿನದಿಂದ ಅವರ ನಾಟಿಯ ಗುಂಪಿನ ಹೆಂಗಸರು ಅವರನ್ನು ಕೂಲಿಗೆ ಕರೆಯುವುದನ್ನು ನಿಲ್ಲಿಸಿದರು. ದ್ಯಾವಪ್ಪನನ್ನು ಮುಳುಗಿಸಿದವಳು ಈಗ ಊರನ್ನೇ ಮುಳುಗಿಸಲು ನಿಂತಿದ್ದಾಳೆ ಎಂಬ ಮಾತು ಚಹದ ಅಂಗಡಿಯಿಂದ ಮನೆಯ ಬಾಗಿಲಿಗೇ ಬಂತು. ಸುಮ್ಮನಿದ್ದುಬಿಡು ಎಂದು ಜಿಲಾನಿಸಾಬರೂ ಒಮ್ಮೆ ಹೇಳಿದರಂತೆ. ಇನ್ನೊಂದು ಸಲ ತಪ್ಪಿದರೆ ತನ್ನ ಮಾತಿಗೆ ಊರಲ್ಲಿ ಬೆಲೆ ಉಳಿಯುವುದಿಲ್ಲ ಎಂದು ಮಾಸುಂಬಿಗೆ ಗೊತ್ತಿತ್ತು. ಆಮೇಲೆ ಯಾವ ಅರ್ಜಿಗೂ ಯಾರೂ ಅಗೆದು ನೋಡುವುದಿಲ್ಲ, ಮೊರಂ ಬಿದ್ದ ಕಡೆಯೇ ಕೆರೆಯ ಅಂಚು ಆಗುತ್ತದೆ ಎಂಬುದೂ ಗೊತ್ತಿತ್ತು.

ಮೇ ಕೊನೆಯ ವಾರ ಲಿಂಗಸುಗೂರಿನಿಂದ ಅಧಿಕಾರಿಗಳು ಬಂದರು. ಅನಿಲಕುಮಾರ ತಮ್ಮ ಎಂಜಿನಿಯರನ್ನು ಕರೆತಂದಿದ್ದರು. ಪಂಚಾಯಿತಿಯ ಪಿಡಿಒ ಮಹೇಶ್ವರಿ ಕಡತ ಹಿಡಿದು ನಿಂತರು. ಹಿಂದೆ ಅರ್ಧ ಊರು ನೆರೆದಿತ್ತು. ಮಾಸುಂಬಿ ರಸ್ತೆಯ ಬದಿಗೆ ಮೊದಲ ಗುಂಡಿ ತೋಡಿದರು. ಗೇಣು ಆಳಕ್ಕೇ ಬಿಳಿ ಚಿಪ್ಪುಗಳು. ಎಂಜಿನಿಯರ್ ನಸುನಕ್ಕರು. ಇದು ಹಿಂದೆ ಭತ್ತದ ಗದ್ದೆ, ಕೆರೆಯ ಹೂಳು ಹೊಡೆಸಿದ್ದಾರೆ, ಚಿಪ್ಪು ಅದರ ಜೊತೆ ಬಂದಿದೆ ಎಂದರು. ಜನರೂ ನಕ್ಕರು. ಮಾಸುಂಬಿ ಚಿಪ್ಪುಗಳನ್ನು ಅಂಗೈಯಲ್ಲಿ ಉಜ್ಜಿ ನೋಡಿದರು. ನೇಗಿಲಿಗೆ ಸಿಕ್ಕ ಚೂರುಗಳು, ಮಣ್ಣಿನಲ್ಲಿ ಚೆಲ್ಲಾಪಿಲ್ಲಿಯಾಗಿ ಬೆರೆತಿದ್ದವು.

"ಹೌದ್ರಿ ಸಾಹೇಬ್ರ, ಇವು ಟ್ರ್ಯಾಕ್ಟರ್ ಹತ್ತಿ ಬಂದಾವ. ನೀವು ಹೇಳಿದ್ದು ಖರೇ ಐತಿ," ಎಂದರು.

ಅಲ್ಲಿಗೆ ಕಥೆ ಮುಗಿಯಿತು ಎಂದು ಎಲ್ಲರೂ ಅಂದುಕೊಂಡರು. ಮಾಸುಂಬಿ ಮಾತ್ರ ಎದ್ದು ಕೆರೆಯ ದಿಕ್ಕಿಗೆ ಎಪ್ಪತ್ತು ಹೆಜ್ಜೆ ಎಣಿಸಿ ಎರಡನೆಯದನ್ನು ತೋಡಿದರು. ಅಲ್ಲೂ ಅದೇ ಚೂರು ಚಿಪ್ಪು. ಇನ್ನು ಮೂವತ್ತು ಹೆಜ್ಜೆ ಮುಂದೆ ಹೋಗಿ ಮೂರನೆಯದಕ್ಕೆ ಕೂತರು. ಮೇಲಿನ ಗೇಣು ಬೂದು ಮಣ್ಣು. ಅದರ ಕೆಳಗೆ ಕರಿ ಮಣ್ಣು, ಇಡಿಯಾದ ಚಿಪ್ಪುಗಳ ಒಂದು ಪದರ, ಆ ಪದರವನ್ನು ಸೀಳಿಕೊಂಡು ನೆಟ್ಟಗೆ ಕೆಳಗಿಳಿದ ಆಪಿನ ಹಳೆಯ ಬೇರು. ದ್ಯಾವಪ್ಪ ತಂದ ಕೊಡದಿಂದ ನೀರು ಹನಿಸಿ ಅವರು ಬೇರಿನ ಸುತ್ತ ತೊಳೆದರು. ಬೇರನ್ನು ಸುತ್ತಿ ಕೆಂಪು ತುಕ್ಕಿನ ಉಂಗುರ ಕಾಣಿಸಿತು. ವರ್ಷವರ್ಷ ನೀರಿನಲ್ಲಿ ನಿಂತ ಬೇರಿಗಷ್ಟೇ ಆ ಬಣ್ಣ ಬರುತ್ತದೆ.

"ಚಿಪ್ಪು ಟ್ರ್ಯಾಕ್ಟರ್ ಹತ್ತಿ ಬರತಾವ್ರಿ. ಬೇರು ಹಿಂಗ ನಿಂತಕೊಂಡು ಬರಂಗಿಲ್ಲ. ಇದು ಇಲ್ಲೇ ಹುಟ್ಟಿ ಇಲ್ಲೇ ಸತ್ತೈತಿ."

ಎಂಜಿನಿಯರ್ ಪ್ಯಾಂಟು ಮಣ್ಣಾಗುವುದನ್ನೂ ಲೆಕ್ಕಿಸದೆ ಮಂಡಿಯೂರಿ ಬೇರನ್ನು ಮುಟ್ಟಿ ನೋಡಿದರು. ಆಮೇಲೆ ಖುರಪಿ ಕೇಳಿ ಪಡೆದು, ಇಪ್ಪತ್ತು ಹೆಜ್ಜೆ ಪಕ್ಕದಲ್ಲಿ ತಾವೇ ಒಂದು ಗುಂಡಿ ತೋಡಿದರು. ಅಲ್ಲೂ ಬೇರು, ಅಲ್ಲೂ ತುಕ್ಕು. ಅವರೇನೂ ವಾದ ಮಾಡಲಿಲ್ಲ. ಇಂಥ ಪ್ರಾಮಾಣಿಕ ಎದುರಾಳಿ ಸಿಗುವುದೂ ಒಂದು ಭಾಗ್ಯವೇ. ಅಧಿಕಾರಿಗಳು ಬೇರು ಸಿಕ್ಕ ಎರಡು ಗುಂಡಿಗಳ ಮೇಲೆ ಸುಣ್ಣದ ಪುಡಿಯಲ್ಲಿ ಗೆರೆ ಎಳೆಸಿದರು. ಗೆರೆ ಹುಲ್ಲುಹಾಸಿನ ನಡುವೆ ಹಾದು ಹಾಲಿನ ಒಂದು ಮೂಲೆಯನ್ನು ಕತ್ತರಿಸಿತು.

ಹಾಲೇ ಬೇಡ ಎಂದು ಮಾಸುಂಬಿ ಹೇಳಲಿಲ್ಲ. ಗೆರೆಯಿಂದ ಮೇಲೆ ಎಷ್ಟು ಬೇಕಾದರೂ ಕಟ್ಟಲಿ, ಕೆಳಗೆ ಒಂದು ಬುಟ್ಟಿ ಮೊರಂ ಕೂಡ ಬೇಡ ಎಂದರು. ಅನಿಲಕುಮಾರ ಹದಿನೈದು ದಿನ ಮುಖ ಊದಿಸಿಕೊಂಡು, ಆಮೇಲೆ ಹೊಸ ನಕಾಶೆ ಕೊಟ್ಟರು. ಹಾಲು ರಸ್ತೆಯ ಬದಿಗೆ ಸರಿದಿದೆ, ಕಾರಂಜಿ ಹೋಗಿದೆ, ಊರಿನ ಮೂವತ್ತು ಕೆಲಸ ಉಳಿದಿವೆ. ಸೋತ ಬಗೆಯನ್ನು ಅವರು ಮುಚ್ಚಿಡುವುದಿಲ್ಲ. "ಮೊದಲ್ನೇ ಗುಂಡಿಗೆ ಆಯಮ್ಮ ನಮ್ದು ಸರಿ ಐತಿ ಅಂದ್ಲು ನೋಡ್ರಿ, ಅಲ್ಲೇ ನಾ ಸಿಕ್ಕೊಂಡೆ. ಮೂರನೇ ಗುಂಡಿಗೆ ಸುಳ್ಳ ಅನ್ನಾಕ ಬಾಯಿ ಬರ್ಲಿಲ್ಲ," ಎನ್ನುತ್ತಾರೆ.

ಆಗಸ್ಟಿನಲ್ಲಿ ಕಾಲುವೆಗೆ ನೀರು ಬಂತು. ಕೆರೆ ದಿನಕ್ಕಿಷ್ಟು ಹಬ್ಬುತ್ತ, ಸುಣ್ಣದ ಗೆರೆಯಿದ್ದ ಕಡೆ ನೆಟ್ಟ ಗಡಿಕಲ್ಲುಗಳ ಬುಡ ಮುಟ್ಟಿ ನಿಂತಿತು. ಒಂದಡಿ ಮೇಲಿಲ್ಲ, ಒಂದಡಿ ಕೆಳಗಿಲ್ಲ. ಅದನ್ನು ನೋಡಲು ಊರಿನವರು ಸಾಲುಗಟ್ಟಿ ಹೋದರು. ನಾಟಿಯ ಗುಂಪಿನ ಹೆಂಗಸರು ಮರುದಿನ ಬೆಳಗ್ಗೆ ಏನೂ ಆಗಿಲ್ಲವೆಂಬಂತೆ ಮಾಸುಂಬಿಯ ಬಾಗಿಲಿಗೆ ಬಂದು ಕೆಲಸಕ್ಕೆ ಕರೆದರು. ಇವರೂ ಏನೂ ಆಗಿಲ್ಲವೆಂಬಂತೆ ಬುತ್ತಿ ಕಟ್ಟಿಕೊಂಡು ಹೋದರು. ಅವರಲ್ಲಿ ಇಬ್ಬರು ಈಗ ಗುಂಡಿ ತೋಡುವುದನ್ನು ಕಲಿಯುತ್ತಿದ್ದಾರೆ. ತನ್ನ ಮಂಡಿ ಇನ್ನು ಹೆಚ್ಚು ದಿನ ಕೇಳದು, ಅಷ್ಟರಲ್ಲಿ ನಾಲ್ಕು ಜನರಿಗಾದರೂ ಬಂದರೆ ಸಾಕು ಎಂಬುದಷ್ಟೇ ಮಾಸುಂಬಿಯ ಆಸೆ.

ಮೇ ತಿಂಗಳ ಆ ಸ್ಥಳ ಪರಿಶೀಲನೆಯ ವರದಿ ಪಂಚಾಯಿತಿ ಕಡತದಲ್ಲಿದೆ. ಏಳೆಂಟು ವರ್ಷದ ಹಳೆಯ ವರದಿಗಳಲ್ಲಿ ಅಧಿಕಾರಿಗಳ ಹೆಸರುಗಳೆಲ್ಲ ಮುಗಿದ ಮೇಲೆ ಬರುವ "ಮತ್ತು ಇತರರು" ಎಂಬ ಎರಡು ಪದಗಳಲ್ಲಿ ಮಾಸುಂಬಿ ಇದ್ದಾರೆ. ಈ ವರದಿಯಲ್ಲಿ ಅವರ ಹೆಸರು ಬಿಡಿಸಿ ಬರೆದಿದೆ, ಅದರ ಮುಂದೆ ಒಂದು ಪದ ಹೊಡೆದು ತಿದ್ದಿದೆ. ಅಂದು ಗುಂಡಿಗಳ ಹತ್ತಿರವೇ ಬೇವಿನ ನೆರಳಲ್ಲಿ ಕೂತು ಬರೆಯುತ್ತಿದ್ದ ಗುಮಾಸ್ತ ಹೆಸರು ಕೇಳಿಕೊಂಡು, ಉದ್ಯೋಗದ ಕಡೆ ತಾನೇ "ಕೂಲಿ" ಎಂದು ತುಂಬಿದ್ದ. ಏನು ಬರೆದೆ ಓದು ಎಂದರು ಮಾಸುಂಬಿ. ಅವನು ಓದಿದ. ಕೈಯ ಮಣ್ಣು ಒರೆಸಿಕೊಳ್ಳುತ್ತ ಅವರು ತಿದ್ದಿಸಿದರು:

"ಕೂಲಿ ನಾ ಹೊಲದಾಗ ಮಾಡ್ತೀನಪ್ಪಾ. ಇಲ್ಲಿ ಕೆರಿ ಬಲ್ಲಾಕಿ ಅಂತ ಬರಿ."